ಮುರಿದ ಮಣಿಕಟ್ಟು ಕೂಡುವುದು ಹೇಗೆ?

ಓಡುವಾಗ ಎಡವಿ ಬಿದ್ದರೆ ನಿಮ್ಮ ದೇಹದ ಯಾವ ಭಾಗ ಮೊದಲು ನೆಲ ಮುಟ್ಟುತ್ತದೆ? ಯೋಚಿಸಿ ನೋಡಿ. ಮುಖ ನೆಲಕ್ಕೆ ಬಡಿಯದಿರಲೆಂದು ನಮಗೆ ಅರಿವಿಲ್ಲದೆಯೇ ಅಂಗೈಯನ್ನು ಮುಂದಕ್ಕೆ ಚಾಚುತ್ತೇವೆ. ಮೈಯ ಭಾರವೆಲ್ಲ ಅಂಗೈಯ ಮೂಲಕ ಮಣಿಕಟ್ಟಿಗೆ ಬೀಳುತ್ತದೆ. ಕಬಡ್ಡಿ ಆಡುವಾಗ, ಸೈಕಲ್ಲಿನಿಂದ ಅಥವಾ ಸೀಬೆ ಮರದಿಂದ ಬಿದ್ದ ಮಕ್ಕಳಲ್ಲಿ ಮಣಿಕಟ್ಟಿನ ಬಳಿ ಮೂಳೆ ಮುರಿಯುವುದು ಸಾಮಾನ್ಯ. ಅದಕ್ಕೆ ಕಾರಣ ಇದೇ.

ಮೊಣಕೈಯಿಂದ ಮಣಿಕಟ್ಟಿನವರೆಗೆ ಎರಡು ಉದ್ದ ಮೂಳೆಗಳಿವೆ. ಹೆಬ್ಬೆರಳಿನ ಕಡೆ ಇರುವುದು ರೇಡಿಯಸ್, ಕಿರುಬೆರಳಿನ ಕಡೆ ಇರುವುದು ಅಲ್ನ. ಇವುಗಳ ತುದಿಗೂ ಅಂಗೈಗೂ ನಡುವೆ 8 ಪುಟ್ಟ ಮೂಳೆಗಳಿವೆ. ಮಕ್ಕಳಲ್ಲಿ 'ಮಣಿಕಟ್ಟು ಮುರಿಯಿತು' ಎಂದಾಗ ಹೆಚ್ಚಾಗಿ ಮುರಿದಿರುವುದು ಆ ಪುಟ್ಟ ಮೂಳೆಗಳಲ್ಲ, ರೇಡಿಯಸ್ ಮೂಳೆಯ ಕೆಳತುದಿ.

ಒಂದು ಪ್ರಯೋಗ ಮಾಡಿ. ಬೇವಿನ ಒಣಕಡ್ಡಿಯನ್ನು ಬಗ್ಗಿಸಿ. ಲಟಕ್ಕನೆ ಎರಡು ತುಂಡಾಗುತ್ತದೆ. ಈಗ ಅದೇ ದಪ್ಪದ ಹಸಿಕಡ್ಡಿಯನ್ನು ಬಗ್ಗಿಸಿ. ಅದು ಬಾಗುತ್ತದೆ, ಒಂದು ಬದಿ ಸೀಳುತ್ತದೆ, ಇನ್ನೊಂದು ಬದಿಯ ನಾರು ಹಿಡಿದುಕೊಂಡೇ ಇರುತ್ತದೆ. ಅಜ್ಜನ ಮೂಳೆ ಒಣಕಡ್ಡಿಯಂತೆ, ನಿಮ್ಮ ಮೂಳೆ ಹಸಿಕಡ್ಡಿಯಂತೆ. ವೈದ್ಯರೂ ಇದನ್ನು 'ಹಸಿಕಡ್ಡಿ ಮುರಿತ' ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಪೆಟ್ಟು ಇನ್ನೂ ಸಣ್ಣದಾದರೆ ಮೂಳೆ ಸೀಳುವುದೂ ಇಲ್ಲ. ತಗಡಿನ ಡಬ್ಬಿಯನ್ನು ಮೇಲಿನಿಂದ ಅದುಮಿದಾಗ ಪಕ್ಕ ಉಬ್ಬುವಂತೆ ಸ್ವಲ್ಪ ಉಬ್ಬುತ್ತದೆ, ಅಷ್ಟೆ. ಪೆಟ್ಟು ಜೋರಾಗಿದ್ದರೆ ಮಾತ್ರ ಮೂಳೆ ಪೂರ್ತಿ ಮುರಿದು ತುಂಡುಗಳು ಸರಿದುಬಿಡುತ್ತವೆ.

'ಬೆರಳು ಆಡುತ್ತಿವೆ, ಹಾಗಾದರೆ ಮುರಿದಿಲ್ಲ' ಎಂದು ದೊಡ್ಡವರು ಹೇಳುವುದುಂಟು. ಇದು ಸರಿಯಲ್ಲ. ಮುರಿದ ಕೈಯಲ್ಲೂ ಬೆರಳು ಆಡಬಹುದು. ಖಚಿತವಾಗಿ ತಿಳಿಯಲು ಎಕ್ಸ್-ರೇ ಬೇಕು. ಜರ್ಮನಿಯ ರಾಂಟ್ಜೆನ್ 1895ರಲ್ಲಿ ಈ ಕಿರಣಗಳನ್ನು ಕಂಡುಹಿಡಿದ ಮೇಲೆ ತೆಗೆದ ಪ್ರಸಿದ್ಧ ಚಿತ್ರವೂ ಕೈಯದೇ. ಅದು ಅವರ ಹೆಂಡತಿಯ ಕೈ!

ಆಸ್ಪತ್ರೆಗೆ ಹೋಗುವ ಮುನ್ನ ಕೈಯನ್ನು ಎಳೆಯಬಾರದು, ಎಣ್ಣೆ ಹಚ್ಚಿ ನೀವಬಾರದು. ಕೈ ಊದಿಕೊಳ್ಳುವುದರಿಂದ ಬಳೆ, ಉಂಗುರ, ದಾರಗಳನ್ನು ಕೂಡಲೇ ತೆಗೆಯಿರಿ. ಮಡಿಸಿದ ದಿನಪತ್ರಿಕೆಯನ್ನು ಕೈಯ ಕೆಳಗಿಟ್ಟು ಸಡಿಲವಾಗಿ ಕಟ್ಟಿ, ಟವೆಲಿನಿಂದ ಕೊರಳಿಗೆ ಜೋಳಿಗೆ ಹಾಕಿ. ದಾರಿಯಲ್ಲಿ ತಿಂಡಿ ಕೊಡಿಸಬೇಡಿ. ಸರಿದ ಮೂಳೆಯನ್ನು ಕೂಡಿಸಲು ಅರಿವಳಿಕೆ ಕೊಡಬೇಕಾದರೆ ಹೊಟ್ಟೆ ಖಾಲಿ ಇರುವುದು ಒಳ್ಳೆಯದು.

ಮೂಳೆ ಬರೀ ಉಬ್ಬಿದ್ದರೆ ಗಟ್ಟಿ ಪಟ್ಟಿಯೇ ಬೇಕಿಲ್ಲ. ಬ್ರಿಟನ್ನಿನಲ್ಲಿ ಇಂಥ ಪೆಟ್ಟಾದ 965 ಮಕ್ಕಳಲ್ಲಿ ಕೆಲವರಿಗೆ ಮೆತ್ತನೆಯ ಬಟ್ಟೆ ಪಟ್ಟಿ, ಉಳಿದವರಿಗೆ ಗಟ್ಟಿ ಆಸರೆ ಕೊಟ್ಟು ಹೋಲಿಸಿದರು. ಎರಡೂ ಗುಂಪಿನವರು ಒಂದೇ ರೀತಿ ಗುಣವಾದರೆಂದು 2022ರಲ್ಲಿ ಪ್ರಕಟವಾಯಿತು. ಮೂಳೆ ಸರಿದಿದ್ದರೆ ಅದನ್ನು ಸ್ಥಾನಕ್ಕೆ ತಂದು 4ರಿಂದ 6 ವಾರ ಪ್ಲಾಸ್ಟರ್ ಹಾಕುತ್ತಾರೆ. ಅದು ಮತ್ತೆ ಜಾರುವಂತಿದ್ದರೆ ತೆಳು ಉಕ್ಕಿನ ತಂತಿ ಚುಚ್ಚಿ ನಿಲ್ಲಿಸುವುದೂ ಇದೆ.

ಪ್ಲಾಸ್ಟರ್ ಆಫ್ ಪ್ಯಾರಿಸ್ ನಿಮಗೆ ಗೊತ್ತಿರುವ ಪುಡಿಯೇ, ಬೊಂಬೆ ಮಾಡುವಂಥದ್ದು. ಜಿಪ್ಸಮ್ ಅನ್ನು ಕಾಯಿಸಿದಾಗ ನೀರಿನಂಶ ಹೋಗಿ ಈ ಪುಡಿ ಸಿಗುತ್ತದೆ. ನೀರು ಸೇರಿದರೆ ಮತ್ತೆ ಜಿಪ್ಸಮ್ ಆಗಿ ಗಟ್ಟಿಯಾಗುತ್ತದೆ, ಆಗ ಶಾಖ ಹೊರಬರುತ್ತದೆ. ಪಟ್ಟಿ ಹಾಕಿದೊಡನೆ ಕೈ ಬೆಚ್ಚಗಾಗುವುದು ಇದರಿಂದಲೇ. ಬಟ್ಟೆಗೆ ಈ ಪುಡಿ ತುಂಬಿ ಕಟ್ಟುವ ಕ್ರಮವನ್ನು ಹಾಲೆಂಡಿನ ಸೇನಾ ವೈದ್ಯ ಮ್ಯಾಥೈಸನ್ 1850ರ ದಶಕದ ಆರಂಭದಲ್ಲಿ ರೂಪಿಸಿದರು.

ಹಾಗಾದರೆ ಮೂಳೆಯನ್ನು ಕೂಡಿಸುವುದು ಪ್ಲಾಸ್ಟರೇ? ಅಲ್ಲ! ಅದು ಕೈ ಅಲುಗದಂತೆ ಹಿಡಿದಿರುತ್ತದೆ, ಅಷ್ಟೆ. ಕೂಡಿಸುವುದು ನಿಮ್ಮ ದೇಹ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಅಲ್ಲಿಗೆ ಜೀವಕೋಶಗಳು ಬಂದು ಸೇರಿ, ಕಿವಿಯ ಹಾಲೆಯ ಮೇಲ್ಭಾಗದಲ್ಲಿರುವಂಥ ಮೃದ್ವಸ್ಥಿಯಿಂದ ಸೇತುವೆ ಕಟ್ಟುತ್ತವೆ. ಆ ಸೇತುವೆಯಲ್ಲಿ ಕ್ಯಾಲ್ಸಿಯಂ ಲವಣಗಳು ಕೂಡಿ ಅದು ಗಟ್ಟಿ ಮೂಳೆಯಾಗುತ್ತದೆ.

ಈಗ ಬಹಳ ಮುಖ್ಯವಾದ ವಿಷಯ. ಕಟ್ಟು ಬಿಗಿಯಾದಷ್ಟೂ ಮೂಳೆ ಬೇಗ ಕೂಡುತ್ತದೆ ಎಂಬ ನಂಬಿಕೆ ಹಲವೆಡೆ ಇದೆ. ಇದು ಅಪಾಯಕಾರಿ. ಪೆಟ್ಟಾದ ಮೊದಲ ಎರಡು ಮೂರು ದಿನ ಕೈ ಊದುತ್ತಲೇ ಇರುತ್ತದೆ. ಹೊರಗಿನ ಕಟ್ಟು ಹಿಗ್ಗದಿದ್ದರೆ ಒಳಗೆ ಒತ್ತಡ ಏರಿ ಸ್ನಾಯುಗಳಿಗೆ ರಕ್ತ ಹರಿಯುವುದು ನಿಲ್ಲುತ್ತದೆ. ಹೀಗೆ ಕೆಲವೇ ಗಂಟೆ ಕಳೆದರೆ ಸ್ನಾಯುಗಳು ಸಾಯತೊಡಗುತ್ತವೆ. ಬೆರಳುಗಳು ಶಾಶ್ವತವಾಗಿ ಮಡಚಿಕೊಳ್ಳಬಹುದು, ಕೈಯನ್ನೇ ಕತ್ತರಿಸಬೇಕಾಗಿ ಬರಬಹುದು. ಕಟ್ಟಿದ್ದು ಬಿದಿರಿನ ದಬ್ಬೆಯಾದರೂ ಆಸ್ಪತ್ರೆಯ ಪ್ಲಾಸ್ಟರಾದರೂ ಈ ಮಾತು ಒಂದೇ.

ನಿಮ್ಮ ಉಗುರನ್ನು ಒತ್ತಿ ಬಿಡಿ. ಬಿಳಿಚಿದ ಉಗುರು ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಕಟ್ಟು ಹಾಕಿದ ಕೈಯಲ್ಲೂ ಹೀಗೆ ಪರೀಕ್ಷಿಸಿ. ಬೆರಳು ಬಿಳಿಚಿದರೆ, ನೀಲಿಯಾದರೆ, ಜೋಮು ಹಿಡಿದರೆ, ಬೇರೆಯವರು ನೆಟ್ಟಗೆ ಮಾಡಲು ಹೋದಾಗ ತಡೆಯಲಾರದಷ್ಟು ನೋವಾದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು, ನಡುರಾತ್ರಿಯಾದರೂ ಸರಿ. ಉಗುರು ಕೆಂಪಾಗಿಯೇ ಇದ್ದರೂ ನೋವು ಇಳಿಯದೆ ಏರುತ್ತಲೇ ಇದ್ದರೆ ಕಾಯಬೇಡಿ. ಅಂಥ ನೋವನ್ನು ಸಹಿಸಿಕೊಳ್ಳುವುದು ಧೈರ್ಯವಲ್ಲ. ಅಮ್ಮನನ್ನೋ ಅಪ್ಪನನ್ನೋ ಎಬ್ಬಿಸಿ ಹೇಳಿ.

ಪ್ಲಾಸ್ಟರಿನೊಳಗೆ ತುರಿಕೆಯಾದಾಗ ಅಳತೆಪಟ್ಟಿ, ಪೆನ್ಸಿಲು ತೂರಿಸಬೇಡಿ. ಗಾಯವಾಗಿ ಕೀವು ತುಂಬಬಹುದು. ಮಳೆಯಲ್ಲಿ ನೆನೆಯದಂತೆ ನೋಡಿಕೊಳ್ಳಿ. ಬೆರಳುಗಳನ್ನು ಮಾತ್ರ ದಿನವೂ ಆಡಿಸುತ್ತಿರಿ.

ಪಟ್ಟಿ ಬಿಚ್ಚಿದಾಗ ಕೈ ಸಣಕಲಾಗಿ, ಚರ್ಮ ಒಣಗಿ, ಮಣಿಕಟ್ಟು ಬಿಗಿಯಾಗಿ ಕಾಣುತ್ತದೆ. ಹೆದರಬೇಡಿ, ಬಳಸುತ್ತ ಹೋದಂತೆ ಸರಿಹೋಗುತ್ತದೆ. ಆದರೆ ಹೊಸ ಮೂಳೆ ಇನ್ನೂ ಎಳೆಯದು. ಮರ ಹತ್ತಲು, ಕಬಡ್ಡಿ ಆಡಲು ವೈದ್ಯರು ಹೇಳುವವರೆಗೆ ಇನ್ನಷ್ಟು ವಾರ ಕಾಯಬೇಕು.

ಮಕ್ಕಳ ಮೂಳೆಗೆ ಇನ್ನೊಂದು ವಿಶೇಷ ಶಕ್ತಿಯಿದೆ. ರೇಡಿಯಸ್‌ನ ಕೆಳತುದಿಯ ಬಳಿ ಮೃದ್ವಸ್ಥಿಯ ತೆಳುವಾದ ಬೆಳವಣಿಗೆಯ ಪದರವಿದೆ. ಎಕ್ಸ್-ರೇಯಲ್ಲಿ ಅದು ಕಪ್ಪು ಗೆರೆಯಂತೆ ಕಾಣುತ್ತದೆ. ಅದನ್ನು ಮುರಿತವೆಂದು ತಿಳಿಯಬೇಡಿ. ಆ ಮೂಳೆಯ ಉದ್ದದ ಸುಮಾರು ಮುಕ್ಕಾಲು ಪಾಲು ಬೆಳೆಯುವುದು ಇಲ್ಲಿಂದಲೇ. ಸ್ವಲ್ಪ ಬಾಗಿ ಕೂಡಿದ ಮೂಳೆ ಬೆಳೆಯುತ್ತ ತಾನಾಗಿ ನೇರವಾಗುತ್ತದೆ. ಒಂದೆರಡು ವರ್ಷಗಳ ಬಳಿಕ ಎಕ್ಸ್-ರೇ ತೆಗೆದರೆ ಎಲ್ಲಿ ಮುರಿದಿತ್ತೆಂದು ಹುಡುಕಿದರೂ ಸಿಗದಿರಬಹುದು. ತಿರುಚಿಕೊಂಡು ಕೂಡಿದ ಮೂಳೆ ಮಾತ್ರ ಹೀಗೆ ಸರಿಹೋಗದು. ಪೆಟ್ಟು ಆ ಪದರಕ್ಕೇ ಬಿದ್ದಿದ್ದರೆ ಬೆಳವಣಿಗೆ ಕುಂಠಿತವಾಗುವ ಸಾಧ್ಯತೆಯೂ ಇದೆ. ನೋವೆಲ್ಲ ಹೋದ ಮೇಲೂ ಕೆಲವು ಮಕ್ಕಳಿಗೆ ವೈದ್ಯರು ತಿಂಗಳುಗಳ ನಂತರ ಮತ್ತೆ ಬರಲು ಹೇಳುವುದು ಇದನ್ನು ಪರೀಕ್ಷಿಸಲೆಂದೇ.