ಪರ್ವತಗಳ ವಯಸ್ಸನ್ನು ಹೇಳುವ ಜೇಡಿಮಣ್ಣು

ಪರ್ವತಕ್ಕೆ 'ಅಚಲ'ವೆಂಬ ಹೆಸರೂ ಉಂಟು. ಚಲಿಸದೆ ಇರುವುದು ಎಂದು ಅದರ ಅರ್ಥ. ಆದರೆ ಭೂಮಿಯ ಚರಿತ್ರೆಯನ್ನು ಕೋಟಿ ವರ್ಷಗಳ ಅಳತೆಯಲ್ಲಿ ನೋಡಿದಾಗ ಈ ಹೆಸರು ಸಲ್ಲದೆಂದು ತಿಳಿದುಬರುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಮೊಂಟಾನ ಪ್ರಾಂತದಲ್ಲಿ, ಕೆನಡದ ಗಡಿಗೆ ಸಮೀಪವಾಗಿ, ಚೀಫ್ ಮೌಂಟನ್ ಎಂಬ ಒಂಟಿ ಬೆಟ್ಟವಿದೆ. ಅದರ ಮೇಲ್ಭಾಗದ ಶಿಲೆಗಳು ನೂರು ಕೋಟಿ ವರ್ಷಗಳಿಗಿಂತಲೂ ಹಳೆಯವು. ಅವುಗಳ ಅಡಿಯಲ್ಲಿರುವ ಜೇಡಿಶಿಲೆಯಾದರೋ ಡೈನೋಸಾರುಗಳ ಕಾಲದ್ದು. ಹತ್ತು ಕೋಟಿ ವರ್ಷಗಳಿಗೂ ಈಚಿನದು. ಕೆಸರು ಮತ್ತು ಮರಳು ನೀರಿನ ತಳದಲ್ಲಿ ಪದರ ಪದರವಾಗಿ ನೆಲಸುವಾಗ ಹಳೆಯದು ಕೆಳಗೂ ಹೊಸದು ಮೇಲೂ ಇರಬೇಕಷ್ಟೆ. ಇಲ್ಲಿ ಆ ಕ್ರಮವು ತಲೆಕೆಳಗಾಗಿರುವುದೇಕೆ?

ಇದಕ್ಕೆ ಬೈಲಿ ವಿಲಿಸ್ ಎಂಬ ಭೂವಿಜ್ಞಾನಿಗಳು 1902ರಲ್ಲಿ ಸಮಾಧಾನವನ್ನು ಕೊಟ್ಟರು. ಪಾರ್ಶ್ವದ ಒತ್ತಡಕ್ಕೆ ಸಿಕ್ಕಿದ ಭೂಪದರವು ಸೀಳಿ, ಅದರ ಒಂದು ದಪ್ಪ ಹಲಗೆಯು ಪೂರ್ವದಿಕ್ಕಿಗೆ ಹತ್ತಾರು ಕಿಲೋಮೀಟರು ಜರುಗಿ, ಎಳೆಯ ಶಿಲೆಗಳ ಮೇಲೆ ಏರಿ ಕುಳಿತಿದೆ. ಹೀಗೆ ಶಿಲೆಗಳು ಜರುಗಿದ ಬಿರುಕನ್ನು ಸ್ತರಭಂಗವೆನ್ನುತ್ತೇವೆ. ಈ ಸ್ತರಭಂಗಕ್ಕೆ ಲ್ಯೂಯಿಸ್ ಎಂದು ಹೆಸರು. ಇಂತಹ ಹಲಗೆಗಳು ಒಂದರ ಮೇಲೊಂದು ಏರಿ ಭೂಪದರವು ದಪ್ಪವಾದಂತೆ ನೆಲವೂ ಮೇಲಕ್ಕೆದ್ದು, ರಾಕಿ ಪರ್ವತಶ್ರೇಣಿಯ ಈ ಭಾಗವು ರೂಪುಗೊಂಡಿತು.

ಹಾಗಾದರೆ ಹಲಗೆಯು ಜರುಗಿದುದು ಯಾವಾಗ? ಮೇಲಿನ ಶಿಲೆಯ ವಯಸ್ಸು ಅದು ಹುಟ್ಟಿದ ಕಾಲವನ್ನು ತಿಳಿಸುವುದೇ ಹೊರತು ಜರುಗಿದ ಕಾಲವನ್ನಲ್ಲ. ಹಳೆಯ ಕಂಬಗಳನ್ನು ತಂದು ಕಟ್ಟಿದ ಮನೆಯ ವಯಸ್ಸನ್ನು ಕಂಬಗಳಿಂದ ನಿರ್ಣಯಿಸಲಾದೀತೇ? ಅಡಿಯ ಶಿಲೆಯ ಪಳೆಯುಳಿಕೆಗಳಾದರೂ, ಈ ಚಲನೆ ತಮ್ಮ ಕಾಲಕ್ಕಿಂತ ಈಚಿನದೆಂದು ಹೇಳಿ ಸುಮ್ಮನಾಗುತ್ತವೆ. ಚಲನೆಯ ಕಾಲದಲ್ಲಿಯೇ ಹುಟ್ಟಿದ ವಸ್ತುವೊಂದು ನಮಗೆ ಬೇಕು.

ಅಂತಹ ವಸ್ತು ಸ್ತರಭಂಗದಲ್ಲಿಯೇ ಇದೆ. ಬೀಸುಕಲ್ಲಿನ ನಡುವೆ ಸಿಕ್ಕ ಕಾಳಿನಂತೆ ಶಿಲೆಗಳು ಅಲ್ಲಿ ಅರೆದು ನುಣ್ಣನೆಯ ಹಿಟ್ಟಾಗುತ್ತವೆ. ಆ ಹಿಟ್ಟಿನಲ್ಲಿ ಬಿಸಿನೀರು ಹರಿದಾಡಿದಾಗ ಇಲೈಟ್ ಎಂಬ ಹೊಸ ಜೇಡಿ ಖನಿಜವು ಹರಳುಗಟ್ಟುತ್ತದೆ. ಇಲೈಟಿನಲ್ಲಿ ಪೊಟ್ಯಾಸಿಯಂ ಇರುವುದು ನಮ್ಮ ಅದೃಷ್ಟ. ಏಕೆಂದರೆ ಪೊಟ್ಯಾಸಿಯಂ ಒಂದು ಗಡಿಯಾರ. ಅದರ ಹತ್ತು ಸಾವಿರ ಪರಮಾಣುಗಳಲ್ಲಿ ಸುಮಾರು ಒಂದು, 40 ದ್ರವ್ಯಸಂಖ್ಯೆಯ ವಿಕಿರಣಶೀಲ ಪರಮಾಣು. ಇದರ ಅರ್ಧಾಯು ಸುಮಾರು 125 ಕೋಟಿ ವರ್ಷ. ಕ್ಷಯಿಸುವ ಪ್ರತಿ ನೂರರಲ್ಲಿ ಹೆಚ್ಚುಕಡಿಮೆ 11 ಪರಮಾಣುಗಳು ಆರ್ಗಾನ್ ಆಗಿಯೂ ಉಳಿದವು ಕ್ಯಾಲ್ಸಿಯಂ ಆಗಿಯೂ ಮಾರ್ಪಡುತ್ತವೆ. ಆರ್ಗಾನ್ ಜಡಾನಿಲವಾದುದರಿಂದ ಹೊಸ ಹರಳಿನಲ್ಲಿ ಅದು ಇರುವುದಿಲ್ಲವೆನ್ನಬಹುದು. ಅನಂತರ ಹುಟ್ಟಿದ ಆರ್ಗಾನ್ ಹರಳಿನೊಳಗೇ ಸೆರೆಯಾಗುತ್ತದೆ. ಇವೆರಡರ ಪ್ರಮಾಣವನ್ನು ಅಳೆದರೆ ಹರಳಿನ ವಯಸ್ಸು ದೊರೆಯುತ್ತದೆ.

ಆದರೆ ಇಲ್ಲೊಂದು ತೊಡಕುಂಟು. ಸ್ತರಭಂಗದ ಹಿಟ್ಟಿನಲ್ಲಿ ಹೊಸ ಇಲೈಟಿನೊಡನೆ, ಮೂಲಶಿಲೆಯಿಂದ ಬಂದ ಹಳೆಯ ಅಭ್ರಕದ ಚೂರುಗಳೂ ಬೆರೆತಿರುತ್ತವೆ. ಒಟ್ಟಾಗಿ ಅಳೆದರೆ ಬರುವುದು ಮಿಶ್ರವಯಸ್ಸು. ತಂದೆಯ ಮತ್ತು ಮಗನ ವಯಸ್ಸುಗಳ ಸರಾಸರಿಯು ಇಬ್ಬರಲ್ಲಿ ಯಾರ ವಯಸ್ಸೂ ಅಲ್ಲವಷ್ಟೆ!

ಮಿಷಿಗನ್ ವಿಶ್ವವಿದ್ಯಾಲಯದ ವಾನ್ ಡರ್ ಪ್ಲೂಯಿಮ್ ಮತ್ತು ಅವರ ಸಹೋದ್ಯೋಗಿಗಳು 2001ರಲ್ಲಿ ಲ್ಯೂಯಿಸ್ ಸ್ತರಭಂಗದ ವಿಷಯದಲ್ಲಿ ಈ ತೊಡಕನ್ನು ಬಿಡಿಸಿದ ಬಗೆಯು ಸೊಗಸಾದುದು. ಹೊಸತು ಹಳತುಗಳನ್ನು ಪೂರ್ತಿಯಾಗಿ ಬೇರ್ಪಡಿಸುವುದು ಕಷ್ಟ. ಆದರೆ ಅತಿ ಸೂಕ್ಷ್ಮ ಕಣಗಳಲ್ಲಿ ಹೊಸತು ಹೆಚ್ಚು, ದಪ್ಪ ಕಣಗಳಲ್ಲಿ ಹಳತು ಹೆಚ್ಚು. ಆದುದರಿಂದ ಹಿಟ್ಟನ್ನು ಕಣಗಳ ಗಾತ್ರಕ್ಕನುಸಾರವಾಗಿ ವಿಂಗಡಿಸಲಾಯಿತು. ಎರಡರಲ್ಲಿಯೂ ಪರಮಾಣುಪದರಗಳನ್ನು ಪೇರಿಸಿರುವ ರೀತಿ ಬೇರೆಯಾದುದರಿಂದ, ಪ್ರತಿ ಭಾಗದಲ್ಲಿ ಹಳತೆಷ್ಟೆಂಬುದನ್ನು ಕ್ಷ-ಕಿರಣಗಳು ತಿಳಿಸುತ್ತವೆ.

ಲೆಕ್ಕಕ್ಕಾಗಿ ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. ಹಳತು ನೂರಕ್ಕೆ 20, 40, 60ರಂತೆ ಇರುವ ಮೂರು ಭಾಗಗಳ ಮಿಶ್ರವಯಸ್ಸು ಕ್ರಮವಾಗಿ 10, 15, 20 ಕೋಟಿ ವರ್ಷಗಳಾಗಿರಲಿ. ಇವನ್ನು ನಕ್ಷೆಯ ಕಾಗದದ ಮೇಲೆ ಗುರುತಿಸಿದರೆ ಸರಳರೇಖೆ ಬರುತ್ತದೆ. ರೇಖೆಯನ್ನು ಹಿಂದಕ್ಕೆ ಎಳೆದರೆ, ಹಳತು ಸೊನ್ನೆಯಾಗುವಲ್ಲಿ ವಯಸ್ಸು 5 ಕೋಟಿ. ಹೊಸ ಇಲೈಟಿನ ವಯಸ್ಸು ಇದೇ. ರೇಖೆಯ ಇನ್ನೊಂದು ತುದಿಯಲ್ಲಿ ಹಳೆಯ ಅಭ್ರಕದ ವಯಸ್ಸು 30 ಕೋಟಿ ಎಂದೂ ತಿಳಿಯುತ್ತದೆ.

ಅಳತೆಯಲ್ಲಿಯೂ ಒಂದು ಭೌತಿಕ ಸಮಸ್ಯೆ ಎದುರಾಗುತ್ತದೆ. ಪೊಟ್ಯಾಸಿಯಮನ್ನು ಅಳೆಯಲು ಅದರ ಒಂದಂಶವನ್ನು ರಿಯಾಕ್ಟರಿನ ನ್ಯೂಟ್ರಾನುಗಳಿಂದ ಆರ್ಗಾನ್-39 ಆಗಿ ಮಾರ್ಪಡಿಸುತ್ತಾರೆ. ಆಗ ಗುಂಡು ಹಾರಿಸಿದ ಕೋವಿಯಂತೆ ಪರಮಾಣು ಹಿಮ್ಮೆಟ್ಟಿ, ಅತಿ ಸಣ್ಣ ಕಣದಿಂದ ಹೊರಕ್ಕೆ ಹಾರಿಹೋಗಬಹುದು. ಅದು ಕಳೆದುಹೋದರೆ ವಯಸ್ಸು ತಪ್ಪಾಗುತ್ತದೆ. ಆದಕಾರಣ ಜೇಡಿಯನ್ನು ಮೊದಲೇ ನಿರ್ವಾತ ಗಾಜಿನ ಕೊಳವೆಯಲ್ಲಿ ಮುಚ್ಚಿ, ಹಾರಿದ ಅನಿಲವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾರೆ.

ಹೀಗೆ ಲ್ಯೂಯಿಸ್ ಸ್ತರಭಂಗಕ್ಕೆ ದೊರೆತ ವಯಸ್ಸು ಸುಮಾರು 5.2 ಕೋಟಿ ವರ್ಷ. ಕೆನಡದ ರಾಕಿ ಪರ್ವತಗಳ ಇತರ ಸ್ತರಭಂಗಗಳನ್ನೂ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಫಲಿತಾಂಶಗಳಲ್ಲಿ ವಯಸ್ಸುಗಳು ಸುಮಾರು 7.2 ಮತ್ತು 5.2 ಕೋಟಿ ವರ್ಷಗಳ ಎರಡು ಗುಂಪುಗಳಾಗಿ ಕಂಡುಬಂದವು. ಎಂದರೆ ಈ ಪರ್ವತಗಳು ಒಂದೇ ಸಮನೆ ನಿಧಾನವಾಗಿ ಬೆಳೆದವೆಂದು ಭಾವಿಸಬೇಕಾಗಿಲ್ಲ. ನಡುವೆ ವಿರಾಮವಿದ್ದು, ಬಿಟ್ಟು ಬಿಟ್ಟು ನೂಕಲ್ಪಟ್ಟಂತೆ ತೋರುತ್ತದೆ. ಪಳೆಯುಳಿಕೆಗಳು ಮಾತ್ರವೇ ಇದ್ದಾಗ ಈ ಬಗೆಯ ಸೂಕ್ಷ್ಮವನ್ನು ಗುರುತಿಸುವುದು ಕಷ್ಟವಾಗಿತ್ತು.

ಶಿಲೆಯೊಂದರ ವಯಸ್ಸನ್ನು ಓದಿದಾಗಲೆಲ್ಲ ವಿದ್ಯಾರ್ಥಿಗಳು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಈ ಗಡಿಯಾರವು ಯಾವ ಘಟನೆಯಿಂದ ಓಡತೊಡಗಿತು? ಅಂಕಿಯನ್ನು ಯಂತ್ರವು ಕೊಡುತ್ತದೆ. ಅದು ಯಾವುದರ ವಯಸ್ಸೆಂಬುದನ್ನು ನಾವೇ ವಿವೇಚಿಸಿ ತಿಳಿಯಬೇಕು.