ಗ್ಯಾಸೋ, ಬೆನ್ನಿಗೆ ಸೂಜಿಯೋ?

ಪ್ರಶ್ನೆ: ನಾವು ಜೋಯಿಡಾ ಕಡೆಯವರು, ಈಗ ದಾಂಡೇಲಿಯಲ್ಲಿದ್ದೇವೆ. ಗಂಡನಿಗೆ ವಾರಕ್ಕೆರಡು ಸಲ ಡಯಾಲಿಸಿಸ್. ಮುಂದಿನ ತಿಂಗಳು ಧಾರವಾಡದಲ್ಲಿ ಆಪರೇಷನ್, ಕಿಡ್ನಿ ಕೊಡುವವಳು ನಾನೇ. ಮುಂಡಗೋಡದ ಪರಿಚಯದವರೊಬ್ಬರಿಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟೇ ಕಿಡ್ನಿ ಕೂರಿಸಿದರಂತೆ. ಇವರಿಗೆ ಪೂರ್ತಿ ಅರಿವಳಿಕೆ ಎನ್ನುತ್ತಿದ್ದಾರೆ. ಆ ಗ್ಯಾಸಿನಿಂದ ಹೊಸ ಕಿಡ್ನಿ ಕೆಟ್ಟರೆ?

ಉತ್ತರ: ಅವರು ಹೇಳಿದ್ದು ಕಟ್ಟುಕತೆಯಲ್ಲ. ಬೆನ್ನಿನ ಇಂಜೆಕ್ಷನ್‌ನಲ್ಲೂ ಕಸಿ ಮಾಡಬಹುದು. ಆದರೆ ಅದರಿಂದ ಬಿ.ಪಿ. ಥಟ್ಟನೆ ಇಳಿಯುವುದುಂಟು. ಕಿಡ್ನಿ ಸೋತವರ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ, ಮೇಲೆ ಡಯಾಲಿಸಿಸ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಬೇರೆ. ಬೆನ್ನುಹುರಿಯ ಬಳಿ ರಕ್ತ ಸೋರಿದರೆ ಅಪಾಯ. ಹಾಗಾಗಿ ಹೆಚ್ಚಿನವರು ಪೂರ್ತಿ ಅರಿವಳಿಕೆಯನ್ನೇ ಆರಿಸುತ್ತಾರೆ.

ಗ್ಯಾಸಿನ ಭಯಕ್ಕೆ ಬರುತ್ತೇನೆ. ನೆದರ್‌ಲೆಂಡ್ಸ್‌ನಲ್ಲಿ ದಾನಿ ಮತ್ತು ರೋಗಿಯ 60 ಜೋಡಿಗಳಲ್ಲಿ ಸೆವೊಫ್ಲೂರೇನ್ ಗ್ಯಾಸನ್ನೂ ನರಕ್ಕೆ ಕೊಡುವ ಪ್ರೊಪೊಫಾಲನ್ನೂ ಹೋಲಿಸಿ ನೋಡಿದರು. ಇದರಿಂದ ಕಿಡ್ನಿ ಉಳಿಯಿತು, ಅದರಿಂದ ಹೋಯಿತು ಎನ್ನುವಂಥದ್ದೇನೂ ಸಿಗಲಿಲ್ಲ.

ನನ್ನ ಕಣ್ಣು ಇರುವುದು ಬೇರೆ ಕಡೆ. ರಕ್ತನಾಳ ಜೋಡಿಸಿ ಕ್ಲಾಂಪ್ ಬಿಟ್ಟಾಗ ಬೂದಿಬಣ್ಣದ ಕಿಡ್ನಿ ಕೆಂಪೇರಬೇಕು. ಎಷ್ಟೋ ಸಲ ಟೇಬಲ್ ಮೇಲೇ ಮೂತ್ರ ತೊಟ್ಟಿಕ್ಕುತ್ತದೆ. ಆ ಹೊತ್ತಿಗೆ ಬಿ.ಪಿ. ಕುಸಿಯಬಾರದು. ಯಾವ ಡ್ರಿಪ್ ಎನ್ನುವುದೂ ಮುಖ್ಯ. 2023ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಅಧ್ಯಯನದಲ್ಲಿ, ಮೃತ ದಾನಿಯ ಕಿಡ್ನಿ ಪಡೆದು ನಾರ್ಮಲ್ ಸಲೈನ್ ಹಾಕಿಸಿಕೊಂಡವರಲ್ಲಿ ನೂರಕ್ಕೆ 40 ಮಂದಿಗೆ ಮೊದಲ ವಾರವೇ ಮತ್ತೆ ಡಯಾಲಿಸಿಸ್ ಬೇಕಾಯಿತು. ರಕ್ತದ ಲವಣಗಳಿಗೆ ಹೊಂದುವ ದ್ರವ ಪಡೆದವರಲ್ಲಿ 30. ಜೀವಂತ ದಾನಿಯ ಕಿಡ್ನಿ ಸಾಮಾನ್ಯವಾಗಿ ಬೇಗ ಕೆಲಸಕ್ಕೆ ಹತ್ತುತ್ತದೆ, ಆ ಮಟ್ಟಿಗೆ ನೀವು ಗೆದ್ದಿರಿ.

ಹಳಿಯಾಳ ದಾಟುವಷ್ಟರಲ್ಲಿ ಬಸ್ಸಿನಲ್ಲೇ ಪ್ರಶ್ನೆಗಳನ್ನು ಬರೆದುಕೊಳ್ಳಿ. ಯಾವ ದ್ರವ ಹಾಕುತ್ತೀರಿ? ಹಿಂದಿನ ದಿನ ಡಯಾಲಿಸಿಸ್ ಬೇಕೇ? ಪೊಟ್ಯಾಶಿಯಂ ಎಷ್ಟಿದೆ? ಸ್ನಾಯು ಸಡಿಲಿಸಲು ಕಿಡ್ನಿಯ ಹಂಗಿಲ್ಲದೆ ರಕ್ತದಲ್ಲೇ ಕರಗಿಹೋಗುವ ಅಟ್ರಾಕ್ಯೂರಿಯಂನಂಥ ಔಷಧಿಗಳಿವೆ, ಅದನ್ನೂ ಕೇಳಿ. ಡಯಾಲಿಸಿಸ್‌ಗೆಂದು ರಕ್ತನಾಳ ಜೋಡಿಸಿದ ಫಿಸ್ಟುಲಾ ಇರುವ, ಮುಟ್ಟಿದರೆ ಝುಂ ಎನ್ನುವ ಆ ಕೈಗೆ ಬಿ.ಪಿ. ಪಟ್ಟಿ ಕಟ್ಟದಂತೆ ನೆನಪಿಸಿ. ಮನೆಗೆ ಬಂದ ಮೇಲೆ ನೋವೆಂದು ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗಿಸಬೇಡಿ.

ಕಾಗದದಲ್ಲಿ ನಿಮ್ಮ ಆಪರೇಷನ್ ಬಗ್ಗೆ ಒಂದು ಪ್ರಶ್ನೆಯೂ ಇಲ್ಲವಲ್ಲ, ಅಕ್ಕಾ. ದುರ್ಬೀನಿನ ಆಪರೇಷನ್ ಆದರೆ ನಿಮಗೂ ಪೂರ್ತಿ ಅರಿವಳಿಕೆಯೇ. ಅಲ್ಲಾಡುವ ಹಲ್ಲು, ದಮ್ಮು, ಎಲೆಯಡಿಕೆ ತಂಬಾಕು, ಹಳೆಯ ಸಿಸೇರಿಯನ್ ಎಲ್ಲವನ್ನೂ ಅರಿವಳಿಕೆ ವೈದ್ಯರಿಗೆ ಹೇಳಿ. ಬರೀ ಗಂಡನ ಫೈಲ್ ಹಿಡಿದು ಕೂರಬೇಡಿ. ನಿಮ್ಮ ಹೆಸರಿನದೂ ಒಂದು ಇರುತ್ತದೆ, ಅದನ್ನೂ ಬಿಚ್ಚಿಸಿ ಓದಿಸಿ.