ಕೂಸಿನ ಸ್ಥಳಕ್ಕೆ ಮುಂಗಡ ಹಣ ಕೊಡುವ ಮುನ್ನ

ಮುಂಗಡ ಕೊಡುವುದು ರೈತ ಬಾಂಧವರಿಗೆ ಹೊಸ ವಿಷಯವಲ್ಲ. ಟೊಮೇಟೊ ನಾಟಿಗೆ ತಿಂಗಳು ಮುಂಚೆಯೇ ನರ್ಸರಿಗೆ ಹೋಗಿ, ತಳಿಯ ಹೆಸರು ಹೇಳಿ, ಇಷ್ಟು ಸಾವಿರ ಸಸಿ ಎಂದು ಬರೆಸಿ, ಒಂದಿಷ್ಟು ಹಣ ಕೊಟ್ಟು ಬರುತ್ತೇವೆ. ಎತ್ತಿನ ಜೋಡಿ ಒಪ್ಪಿಗೆಯಾದರೆ ಸಂಚಕಾರ ಕೊಡುತ್ತೇವೆ. ಸಂಚಕಾರ ಎಂಬ ಮಾತಿಗೆ ಕೇಡು ಎಂಬ ಅರ್ಥವೂ ಅಂಟಿಕೊಂಡಿದೆ. ಏಕೆ ಅಂಟಿತೋ ಹಣ ಕಳೆದುಕೊಂಡವರೇ ಬಲ್ಲರು.

ಈಚೆಗೆ ನಮ್ಮ ಹಳ್ಳಿಯ ಮನೆಗಳಿಂದ ಇನ್ನೊಂದು ಬಗೆಯ ಮುಂಗಡ ಹೊರಡುತ್ತಿದೆ. ಮಗಳೋ ಸೊಸೆಯೋ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೆಲಸದಲ್ಲಿರುತ್ತಾಳೆ. ಹೆರಿಗೆಯ ರಜೆ ಮುಗಿದ ಮೇಲೆ ಕೂಸನ್ನು ಹಗಲು ಹೊತ್ತು ನೋಡಿಕೊಳ್ಳುವ ಶಿಶುವಿಹಾರ ಬೇಕು. ವಿಚಾರಿಸಿದರೆ, 'ಸ್ಥಳ ಕಾದಿರಿಸಬೇಕಾದರೆ ಈಗಲೇ ಹಣ ಕಟ್ಟಿ' ಎಂಬ ಉತ್ತರ ಬರುತ್ತದೆ. ಆಗ ಊರಿನಿಂದ ಹೋಗುವ ಹಣ ರೇಷ್ಮೆಗೂಡು ಮಾರಿದ್ದು, ಇಲ್ಲವೇ ಹಾಲಿನ ಬಟವಾಡೆಯಲ್ಲಿ ಉಳಿಸಿದ್ದು. ಎತ್ತು ಕೊಳ್ಳುವಾಗ ಹಲ್ಲು ಎಣಿಸುವ ನಾವು ಇಲ್ಲಿ ಮಾತ್ರ ಒಂದು ಪ್ರಶ್ನೆಯನ್ನೂ ಕೇಳದೆ ಹಣ ಕಳುಹಿಸುತ್ತೇವೆ.

ಕೇಳಬೇಕಾದ ಮೊದಲ ಪ್ರಶ್ನೆ ಇದು: ಈ ಹಣಕ್ಕೆ ನಮಗೆ ಸಿಗುವುದು ಏನು?

ಹೊರನೋಟಕ್ಕೆ ಒಂದೇ ತೆರನಾಗಿ ಕಾಣುವ ಎರಡು ಬಗೆಯ ಹಣವುಂಟು. ಒಂದು, ಪಟ್ಟಿಯಲ್ಲಿ ಹೆಸರು ಬರೆಸುವ ಹಣ. ಇದನ್ನು ಕಟ್ಟಿದರೆ ಸರದಿಯಲ್ಲಿ ನಿಂತಂತಾಯಿತು, ಅಷ್ಟೆ. ಸ್ಥಳ ಸಿಕ್ಕೇ ಸಿಗುವುದೆಂಬ ಭರವಸೆ ಇಲ್ಲ. ಇನ್ನೊಂದು, ಇಂಥ ದಿನದಿಂದ ಇಂಥ ಮಗುವಿಗೆಂದು ಸ್ಥಳವನ್ನು ಬಿಟ್ಟಿಡುವ ಹಣ. ಇದು ನರ್ಸರಿಯ ಮುಂಗಡಕ್ಕೆ ಸಮ. ನಮ್ಮ ಮಾತು ನಂಬಿ ನರ್ಸರಿಯವರು ಬೀಜ ತಂದು, ತೆಂಗಿನ ನಾರಿನ ಪುಡಿ ತುಂಬಿ, 98 ಕುಳಿಗಳ ತಟ್ಟೆಗಳಲ್ಲಿ ಬಿತ್ತುತ್ತಾರೆ. ಸುಮಾರು 25 ದಿನಕ್ಕೆ ಸಸಿ ಸಿದ್ಧವಾಗುತ್ತದೆ. ನಾವು ಹೋಗದಿದ್ದರೆ ಸಸಿ ಬಲಿತು ಕೆಡುತ್ತದೆ. ಆದ್ದರಿಂದ ಅವರು ಮುಂಗಡ ಕೇಳುವುದರಲ್ಲಿ ನ್ಯಾಯವಿದೆ.

ಶಿಶುವಿಹಾರದಲ್ಲಿ ಬೀಜವಿಲ್ಲ, ತಟ್ಟೆಯಿಲ್ಲ, ಕೆಡುವುದೇನು ಎಂದು ಕೆಲವರು ಕೇಳಬಹುದು. ಅಲ್ಲಿ ಸ್ಥಳವೆಂದರೆ ನೆಲದ ಮೇಲಿನ ಜಾಗವಲ್ಲ, ಕೂಸನ್ನು ಎತ್ತಿಕೊಳ್ಳುವ ಒಬ್ಬ ಹೆಂಗಸಿನ ಕೈಗಳು. ಒಬ್ಬಳು ಎಷ್ಟು ಕೂಸುಗಳನ್ನು ನೋಡಿಕೊಂಡಾಳು? ಇಂಗ್ಲೆಂಡಿನಲ್ಲಿ ಇದಕ್ಕೆ ಕಾನೂನಿನ ಲೆಕ್ಕವೇ ಇದೆ. ಎರಡು ವರ್ಷದೊಳಗಿನ ಮೂರು ಕೂಸುಗಳಿಗೆ ಒಬ್ಬರಿರಬೇಕು. ಎರಡು ವರ್ಷದ ಮಕ್ಕಳಾದರೆ, 2023ರ ಸೆಪ್ಟೆಂಬರಿನಿಂದ ಐವರಿಗೆ ಒಬ್ಬರು. ಅದಕ್ಕೆ ಮೊದಲು ನಾಲ್ವರಿಗೆ ಒಬ್ಬರಿದ್ದರು. ಮೂರರಲ್ಲಿ ಒಂದು ಸ್ಥಳ ಎರಡು ತಿಂಗಳು ಖಾಲಿ ಬಿದ್ದರೂ ನೋಡಿಕೊಳ್ಳುವವರ ಸಂಬಳ ಕಡಿಮೆಯಾಗುವುದಿಲ್ಲ. ಒಳ್ಳೆಯ ಕೇಂದ್ರದವರು ಮುಂಗಡ ಕೇಳುವುದು ಈ ಕಾರಣಕ್ಕೆ. ಕೇಳಿದ ಮಾತ್ರಕ್ಕೆ ಅವರನ್ನು ಲೋಭಿಗಳೆನ್ನಬಾರದು.

ಪಟ್ಟಿಗೆ ಹೆಸರು ಬರೆಸಿಕೊಳ್ಳಲು ಮಾತ್ರ ಹಣ ಕೇಳುವುದು ಬೇರೆ ಮಾತು. ಹೆಸರು ಬರೆಯಲು ಒಂದು ಸಾಲು ಶಾಯಿ ಸಾಕು. ಕೆನಡಾ ದೇಶದ ಒಂಟಾರಿಯೋ ಪ್ರಾಂತದಲ್ಲಿ ತಾಯಿತಂದೆಯರು ನಾಲ್ಕಾರು ಕೇಂದ್ರಗಳಲ್ಲಿ ಹೀಗೆ ಹಣ ಕಟ್ಟಿ, ಎಲ್ಲಿಯೂ ಸ್ಥಳ ಸಿಗದೆ, ಹಣವೂ ಮರಳದೆ ಕಷ್ಟಪಡುತ್ತಿದ್ದರು. ಅಲ್ಲಿನ ಸರ್ಕಾರ 2016ರ ಸೆಪ್ಟೆಂಬರ್ 1ರಿಂದ ಕಾಯುವವರ ಪಟ್ಟಿಗೆ ಸೇರಿಸಲು ಶುಲ್ಕವನ್ನಾಗಲಿ ಠೇವಣಿಯನ್ನಾಗಲಿ ಪಡೆಯಬಾರದೆಂದು ನಿಯಮ ಮಾಡಿತು.

ಇನ್ನು ಕೊಟ್ಟ ಹಣ ಮರಳುತ್ತದೆಯೇ ಎಂಬುದು ಎರಡನೆಯ ಪ್ರಶ್ನೆ. 'ಒಮ್ಮೆ ಕಟ್ಟಿದ ಹಣ ವಾಪಸಿಲ್ಲ' ಎಂದು ರಸೀತಿಯ ಕೆಳಗೆ ಅಚ್ಚಾಗಿರುತ್ತದೆ. ಅಚ್ಚಾದ ಮಾತೆಲ್ಲ ಕಾನೂನಲ್ಲ. ನಮ್ಮ ದೇಶದ 1872ರ ಕರಾರು ಕಾಯ್ದೆಯ 74ನೆಯ ಕಲಮಿನ ಪ್ರಕಾರ, ಮಾತು ತಪ್ಪಿದವರಿಂದ ಪಡೆಯಬಹುದಾದದ್ದು ನ್ಯಾಯವಾದ ಪರಿಹಾರ ಮಾತ್ರ. ಕರಾರಿನಲ್ಲಿ ಬರೆದ ಮೊತ್ತ ಅದಕ್ಕೆ ಮೇಲಿನ ಮಿತಿ. ಈ ಕಲಮಿನ ಮೇಲೆ 1969ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಒಂದು ತೀರ್ಪು ರೈತರಿಗೆ ಸುಲಭವಾಗಿ ತಿಳಿಯುವಂಥದು. ಮೌಲಾ ಬಕ್ಷ್ ಎಂಬವರು 1947ರಲ್ಲಿ ಸೈನ್ಯಕ್ಕೆ ಆಲೂಗಡ್ಡೆ ಒದಗಿಸಲು ಒಪ್ಪಿ 10,000 ರೂಪಾಯಿ, ಕೋಳಿ ಮೊಟ್ಟೆ ಮೀನು ಒದಗಿಸಲು ಒಪ್ಪಿ 8,500 ರೂಪಾಯಿ ಠೇವಣಿ ಇಟ್ಟಿದ್ದರು. ಸರಕು ಸರಿಯಾಗಿ ಬರಲಿಲ್ಲವೆಂದು ಸರ್ಕಾರ ಕರಾರು ರದ್ದುಮಾಡಿ ಎರಡೂ ಠೇವಣಿಗಳನ್ನು ಮುಟ್ಟುಗೋಲು ಹಾಕಿಕೊಂಡಿತು. ಆಲೂಗಡ್ಡೆ, ಮೊಟ್ಟೆಗಳನ್ನು ಪೇಟೆಯಲ್ಲಿ ಎಷ್ಟು ಬೆಲೆಗೆ ಕೊಂಡಿರೆಂದು ಸರ್ಕಾರ ತೋರಿಸಬಹುದಾಗಿತ್ತು, ತೋರಿಸಲಿಲ್ಲ, ನಷ್ಟವನ್ನು ರುಜುವಾತು ಮಾಡದೆ ಹಣ ಇಟ್ಟುಕೊಳ್ಳಲಾಗದು ಎಂದು ಕೋರ್ಟು 18,500 ರೂಪಾಯಿಯನ್ನೂ ಹಿಂದಕ್ಕೆ ಕೊಡಿಸಿತು. ವ್ಯವಹಾರ ಕುದುರಿಸಲು ಕೊಡುವ ಸಣ್ಣ ಸಂಚಕಾರದ ಮಾತು ಬೇರೆ ಎಂದೂ ಅದೇ ತೀರ್ಪು ಹೇಳಿದೆ. ಆದ್ದರಿಂದ ಮುಂಗಡ ಎಷ್ಟು ದೊಡ್ಡದು, ಕೇಂದ್ರಕ್ಕೆ ನಿಜವಾಗಿ ಆದ ನಷ್ಟ ಎಷ್ಟು ಎಂಬ ಎರಡನ್ನೂ ನೋಡಬೇಕು. ಎರಡು ತಿಂಗಳು ಮುಂಚೆಯೇ ಬೇಡವೆಂದು ತಿಳಿಸಿ, ಆ ಸ್ಥಳಕ್ಕೆ ಮರುದಿನವೇ ಬೇರೆ ಮಗು ಬಂದಿದ್ದರೆ ದೊಡ್ಡ ಮೊತ್ತ ಹಿಡಿದಿಟ್ಟುಕೊಳ್ಳಲು ಕಾರಣವಿಲ್ಲ. ಕಡೆಯ ದಿನದವರೆಗೂ ಸುಮ್ಮನಿದ್ದು ಬಿಟ್ಟರೆ ನಷ್ಟ ಅವರದು. ಆಗ ಪೂರ್ತಿ ಹಣ ಕೇಳುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಹೆಚ್ಚಿನ ಹಣ ಹೋಗುವುದು ದಿನದ ಲೆಕ್ಕ ತಪ್ಪಿದಾಗ. ನಾಟಿಯ ದಿನದಿಂದ ಹಿಂದಕ್ಕೆ ಎಣಿಸಿ ಸಸಿಮಡಿ ಹಾಕುವಂತೆ, ಇಲ್ಲಿಯೂ ಮಗಳು ಕೆಲಸಕ್ಕೆ ಮರಳುವ ದಿನದಿಂದ ಹಿಂದಕ್ಕೆ ಎಣಿಸಬೇಕು. ಹೆರಿಗೆಯ ರಜೆ 26 ವಾರ. ಬದುಕಿರುವ ಇಬ್ಬರು ಮಕ್ಕಳು ಆಗಲೇ ಇದ್ದರೆ 12 ವಾರ. 26 ವಾರದಲ್ಲಿ 6 ವಾರವನ್ನು ಹೆರಿಗೆಗೆ ಮುಂಚೆಯೇ ತೆಗೆದುಕೊಂಡಳೆನ್ನಿ. ಹೆರಿಗೆಯ ನಂತರ ಉಳಿಯುವುದು 20 ವಾರ, ಅಂದರೆ 140 ದಿನ. ಆಗ ಕೂಸಿಗೆ ಐದು ತಿಂಗಳೂ ತುಂಬಿರುವುದಿಲ್ಲ. ಆರು ತಿಂಗಳು ತುಂಬದ ಕೂಸನ್ನು ತೆಗೆದುಕೊಳ್ಳದ ಕೇಂದ್ರಗಳೂ ಉಂಟು. ಮುಂಗಡ ಕಟ್ಟಿದ ಮೇಲೆ ಈ ಸಂಗತಿ ತಿಳಿದರೆ, ಒಂದು ತಿಂಗಳಿಗಿಂತ ಹೆಚ್ಚು ದಿನ ಅಜ್ಜಿ ಹಳ್ಳಿಯ ಮನೆ, ದನಕರು ಬಿಟ್ಟು ಪೇಟೆಯಲ್ಲಿ ಕೂರಬೇಕಾಗುತ್ತದೆ.

ಖಾಸಗಿ ಕೇಂದ್ರಕ್ಕೆ ಹೋಗುವ ಮೊದಲು ಮಗಳು ತನ್ನ ಕಾರ್ಖಾನೆ ಅಥವಾ ಕಛೇರಿಯಲ್ಲಿ ವಿಚಾರಿಸಲಿ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾದಾಗ, 50 ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುವಿಹಾರದ ಏರ್ಪಾಡಿರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಕೂಸನ್ನು ನೋಡಲು ಬಿಡಬೇಕು ಎಂದು ಸೇರಿಸಲಾಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ಏರ್ಪಾಡನ್ನು ಇಟ್ಟುಕೊಳ್ಳಲಾಗಿದೆ. ಎದೆಹಾಲು ಕುಡಿಯುವ ಕೂಸಿಗೆ ಇದಕ್ಕಿಂತ ಅನುಕೂಲ ಬೇರೊಂದಿಲ್ಲ. ಇದನ್ನು ವಿಚಾರಿಸದೆಯೇ ಪೇಟೆಯಲ್ಲಿ ಮುಂಗಡ ಕಟ್ಟುವವರು ಬಹಳ.

ಕಟ್ಟಲೇಬೇಕಾದರೆ ಬರೆಹದಲ್ಲಿ ಪಡೆಯಿರಿ. ಲೆಕ್ಕಕ್ಕಾಗಿ, ಕೇಂದ್ರದವರು 10,000 ರೂಪಾಯಿ ಕೇಳಿದರೆನ್ನೋಣ. 'ಹತ್ತು ಸಾವಿರ ಸಂದಾಯವಾಯಿತು' ಎಂದಷ್ಟೇ ಬರೆದ ರಸೀತಿ ಸಾಲದು. ಅದರಲ್ಲಿ 3,000 ನೋಂದಣಿಗೆ, 7,000 ಮೊದಲ ತಿಂಗಳ ಶುಲ್ಕದಲ್ಲಿ ವಜಾ ಎಂಬಂತೆ ಬಿಡಿಸಿ ಬರೆಸಬೇಕು. ಮಗು ಸೇರುವ ತಾರೀಖು, ಶುಲ್ಕ ಯಾವ ದಿನದಿಂದ ಎಂಬುದು, ಬೇಡವಾದರೆ ಎಷ್ಟು ದಿನ ಮುಂಚೆ ತಿಳಿಸಬೇಕು, ಅವರೇ ಸ್ಥಳ ಕೊಡಲಾಗದಿದ್ದರೆ ಹಣ ಎಷ್ಟು ದಿನದಲ್ಲಿ ಮರಳುತ್ತದೆ, ಇವಿಷ್ಟೂ ಅದರಲ್ಲಿರಲಿ. ಕಡೆಯದನ್ನು ಬರೆದುಕೊಡಲು ಹಿಂಜರಿಯುವವರಿಗೆ ಹಣ ಕೊಡಬೇಡಿ. ಫೋನಿನಲ್ಲಿ ಹಣ ಕಳುಹಿಸಿದರೂ ರಸೀತಿ ಕೇಳುವುದನ್ನು ಬಿಡಬೇಡಿ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ವಿಚಾರಿಸಬಹುದು.

ಇಷ್ಟೂ ಪೇಟೆಯ ಮಾತು. ನಮ್ಮ ಹಳ್ಳಿಯ ಅಂಗನವಾಡಿಯಲ್ಲಿ ಸ್ಥಳ ಕಾದಿರಿಸಲು ಯಾರಿಗೂ ಒಂದು ಪೈಸೆ ಕೊಡಬೇಕಾಗಿಲ್ಲ. 1975ರ ಅಕ್ಟೋಬರ್ 2ರಂದು ಈ ಯೋಜನೆ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಅಂದಿನಿಂದಲೂ ಅಲ್ಲಿ ಮಕ್ಕಳಿಗೆ ಪ್ರವೇಶ ಶುಲ್ಕವಿಲ್ಲ. ಆದರೆ ಅಂಗನವಾಡಿಯಲ್ಲಿ ಕುಳಿತು ಕಲಿಯುವುದು ಮೂರರಿಂದ ಆರು ವರ್ಷದ ಮಕ್ಕಳು. ಅದಕ್ಕಿಂತ ಚಿಕ್ಕವರಿಗೆ ಆಹಾರ ಮನೆಗೆ ಬರುತ್ತದೆ, ಕೂಸನ್ನು ಹಗಲೆಲ್ಲ ನೋಡಿಕೊಳ್ಳುವ ಕೆಲಸ ಮನೆಯವರಿಗೇ ಉಳಿಯುತ್ತದೆ. ಕಳೆ ಕೀಳುವ ತಾಯಿ ಬದುವಿನ ಮೇಲೆ, ಹೊಂಗೆಯ ಮರಕ್ಕೆ ಜೋಲಿ ಕಟ್ಟುವುದು ಇದರಿಂದಲೇ. ಈ ಕೊರತೆ ತುಂಬಲು 2023ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಪ್ರಕಟಿಸಿತು. ಉದ್ಯೋಗ ಖಾತ್ರಿ ಕೂಲಿಗೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ ಮಾಡಿದ ಏರ್ಪಾಡು ಅದು. ತಮ್ಮ ಪಂಚಾಯಿತಿಯಲ್ಲಿ ಅದು ಇದೆಯೇ, ನಡೆಯುತ್ತಿದೆಯೇ ಎಂದು ಗ್ರಾಮಸಭೆಯಲ್ಲಿ ಕೇಳಿ.

ಅಂಗನವಾಡಿಯೇ ಇಲ್ಲದ ಹಟ್ಟಿ, ತಾಂಡ, ಕಾಲೋನಿಗಳವರು ಇನ್ನೊಂದು ಸಂಗತಿ ಗಮನಿಸಬೇಕು. ಆರು ವರ್ಷದೊಳಗಿನ 40 ಮಕ್ಕಳಿರುವ ವಸತಿಯವರು ಕೇಳಿದ ಮೂರು ತಿಂಗಳಲ್ಲಿ ಅಂಗನವಾಡಿ ಕೊಡಬೇಕೆಂದು ಸುಪ್ರೀಂ ಕೋರ್ಟು 2006ರ ಡಿಸೆಂಬರ್ 13ರಂದು ಆಜ್ಞೆ ಮಾಡಿದೆ. ಅರ್ಜಿಯಲ್ಲಿ ಪ್ರತಿ ಮಗುವಿನ ಹೆಸರು, ಹುಟ್ಟಿದ ತಾರೀಖು, ತಾಯಿಯ ಹೆಸರು ಬರೆದು, ತಾಯಂದಿರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಛೇರಿಗೆ ಕೊಡಿ. ಎರಡನೆಯ ಪ್ರತಿಯ ಮೇಲೆ ಮೊಹರು ಮತ್ತು ತಾರೀಖು ಹಾಕಿಸಿಕೊಳ್ಳಿ; ಮೂರು ತಿಂಗಳನ್ನು ಎಣಿಸುವುದು ಆ ತಾರೀಖಿನಿಂದ. ಪಟ್ಟಿ ಬರೆಯಲು ಸಹಾಯ ಬೇಕಾದವರು ನಾನು ಹಳ್ಳಿಗೆ ಬಂದಾಗ ಜನನ ಪ್ರಮಾಣಪತ್ರ ಅಥವಾ ತಾಯಿ ಕಾರ್ಡು ತಂದರೆ ಅಲ್ಲಿಯೇ ಕುಳಿತು ಬರೆಯಬಹುದು.